ಎಡಗಡೆಯ ರಾಶಿ

ಮತ್ತೆ ನಿಂತವು, ಮೂರೂ ಪಂಕಾ ಒಟ್ಟಿಗೆ, ಈಗಷ್ಟೇ ಎರಡು ಸುತ್ತು ತಿರುಗಿದ್ದವು, ಮತ್ತೆ ಸುಮ್ಮನಾದವು, ಹೊಸ ಗ್ರಾಫಿಕ್ಸ್ ಕಾರ್ಡಿನ ಕಪ್ಪು ಮೈ ಮೇಲೆ ಆಗಲೇ ಅಂಟುಧೂಳು ಕೂತಿದೆ, ಮಣೂಕದ ಶೆಡ್ಡಿನ ಧೂಳೇ ಹಾಗೆ, ಒಣದ್ರಾಕ್ಷಿಯ ಧೂಳು, ಊದಿದರೆ ಹಾರುವುದಿಲ್ಲ, ಒರೆಸಿದರೆ ಹೋಗುವುದಿಲ್ಲ, ಮುಟ್ಟಿದ ಬೆರಳು ಬಾಯಿಗೆ ಹೋದರೆ ಸಿಹಿ — ಮೇಘಾ ಬಗ್ಗಿ ನೋಡಿದಳು, ಕಂಪ್ಯೂಟರಿನ ಒಂದು ಪಕ್ಕದ ತಗಡನ್ನು ಬಿಚ್ಚಿಯೇ ಇಟ್ಟಿದ್ದಾಳೆ, ಮುಚ್ಚಲು ಬರುವುದಿಲ್ಲ, ಕಾರ್ಡು ಅಷ್ಟು ಉದ್ದ, ಒಳಗಿನ ಗೂಡೊಂದನ್ನು ಗರಗಸದಿಂದ ಕೊಯ್ದು ಜಾಗ ಮಾಡಿದವಳು ಅವಳೇ, ಆಗ ಹೆಬ್ಬೆರಳು ಕೊರೆದುಕೊಂಡದ್ದು ಇನ್ನೂ ಚುರುಗುಡುತ್ತದೆ. ಪಂಕಾ ತಿರಗವಲ್ಲವಲ್ಲ ತಂಗಿ, ಸುಟ್ಟೈತೇನ, ಎಂದ ಹಿಂದೆ ನಿಂತಿದ್ದ ದೇವಾನಂದ, ಈ ಶೆಡ್ಡಿನ ಸಾಹುಕಾರ, ಬಿಸಿಲಲ್ಲಿ ಬಂದವನ ಮೈಯಿಂದ ಮಣೂಕಕ್ಕೆ ಹಾಕುವ ಗಂಧಕದ ಹೊಗೆಯ ವಾಸನೆ. ಇಲ್ರಿ ಸರ, ಸುಟ್ಟಿಲ್ಲ, ಅದಕ್ಕ ಕೆಲಸಿಲ್ಲ, ಬಿಸಿ ಆದ್ರಷ್ಟ ತಿರಗತಾವು. ಅಷ್ಟು ದೊಡ್ಡದು ತಂದು ಕುಂಡ್ರಿಸಿ ಕೆಲಸಿಲ್ಲಂದ್ರ ಹೆಂಗವಾ. ಹೇಗೆಂದರೆ ಹೀಗೆ ಎಂದು ಹೇಳಬೇಕೆನಿಸಿತು ಅವಳಿಗೆ, ಮೇಲಿನ ಆ ಸಣ್ಣ ಪಂಕಾದ ಒದರಾಟ ಕೇಳಿರಿ, ಹಳೆಯ ಪ್ರೊಸೆಸರಿನದು, ಅಂಗೈಯಗಲವೂ ಇಲ್ಲ, ಬೆಲ್ಟಿನ ಮೇಲೆ ಮಣೂಕ ಹರಿದು ಬರುವಾಗ ಕ್ಯಾಮೆರಾದಿಂದ ಚಿತ್ರ ಇಸಕೊಳ್ಳುವುದು ಅದೇ, ಒಂದೊಂದನ್ನೂ ಬಿಡಿಸಿ ಕಾರ್ಡಿನ ಮುಂದಿಡುವುದು ಅದೇ, ಕಾರ್ಡು ಇದು ಬಂಗಾರದ ಬಣ್ಣದ ಒಳ್ಳೆಯದು ಇದು ಕರಿ ಎಂದು ಕಣ್ಣು ಮಿಟುಕಿಸುವುದರೊಳಗೆ ಹೇಳಿ ಕೈಕಟ್ಟಿ ಕೂಡುತ್ತದೆ, ಮುಂದಿನದು ಎಲ್ಲಿ, ಎಲ್ಲಿ — ನೀಡುವವನು ಮುದುಕ, ಉಣ್ಣುವವನು ಹರೆಯದವ, ಹಾಗಾಗಿದೆ. ಪರದೆಯ ಮೂಲೆಯಲ್ಲಿ ಎರಡು ಗೆರೆ, ಪ್ರೊಸೆಸರಿನದು ಮೇಲಕ್ಕೆ ಹೋಗಿ ತಲೆ ಹೊಡೆದುಕೊಳ್ಳುತ್ತಿದೆ, ಕಾರ್ಡಿನದು ತಳದಲ್ಲೇ ಹರಿದಾಡುತ್ತಿದೆ. ಅದನ್ನು ದೇವಾನಂದನೂ ನೋಡಿದ.

ಕಂಪ್ಯೂಟರ್ ಐತಲ್ಲ, ಕಾರ್ಡಷ್ಟ ಹಾಕು, ಎಂದಿದ್ದವನು ಇವನೇ, ಸುಗ್ಗಿಗೆ ಮೊದಲು, ಇದೇ ಕೋಣೆಯಲ್ಲಿ, ಇವನಪ್ಪ ದೊಡ್ಡ ಸಾಹುಕಾರರು ತೀರಿಕೊಂಡ ಮೇಲೆ ಈ ಕಂಪ್ಯೂಟರಿಗೆ ಒಂದು ಟವೆಲ್ ಹೊದಿಸಿ ಇಟ್ಟಿದ್ದರು, ಟವೆಲ್ ಸರಿಸಿ ಡಬ್ಬಿ ಬಿಚ್ಚಿದರೆ ಒಳಗೆ ಹಲ್ಲಿಯ ಮೊಟ್ಟೆ. ವಿಜಯಪುರದಲ್ಲಿ ಅಥಣಿ ರಸ್ತೆಯ ಫೈಜಲಭಾಯಿಯ ಕಂಪ್ಯೂಟರ್ ಅಂಗಡಿ, ಡಿಪ್ಲೊಮಾ ಮುಗಿಸಿದಾಗಿನಿಂದ ಮೇಘಾ ಕೆಲಸ ಮಾಡುವುದು ಅಲ್ಲೇ, ಮುಂಜಾನೆ ತಿಕೋಟಾದಿಂದ ಬಸ್ಸು ಹತ್ತಿದರೆ ದೀಪ ಹಚ್ಚುವ ಹೊತ್ತಿಗೆ ಮನೆ, ಫೈಜಲಭಾಯಿ ಆವತ್ತೇ ಹೇಳಿದ್ದ, ನೋಡ್ರಿ ಸಾಹುಕಾರ್ರ, ಪ್ರೊಸೆಸರ್ ಭಾಳ ಹಳೇದೈತಿ, ಇದಕ್ಕ ಹೊಸಾ ಕಾರ್ಡ್ ಹಾಕಿದ್ರ ಎತ್ತು ಏರಿಗೆ ಕೋಣ ನೀರಿಗೆ ಅಂದಂಗ ಆಕ್ಕೈತಿ. ದೇವಾನಂದ ನಕ್ಕಿದ್ದ, ಹೊಸಾ ಹೋರಿ ಪಳಗಿಸಾಕ ಹಳೇ ಎತ್ತಿನ ಜೋಡಿನ ಹೂಡತಿದ್ದ ನಮ್ಮಪ್ಪ, ಹಳೇದು ದಾರಿ ತೋರಸ್ತೈತಿ, ಹೊಸಾದು ಜಗ್ತೈತಿ, ಹಾಕ್ರಿ ನೀವು. ಇಬ್ಬರ ಮಾತೂ ಅವಳಿಗೆ ಸರಿಯೇ ಅನಿಸಿತ್ತು, ಎತ್ತಿನ ವಿಷಯದಲ್ಲಿ ಸಾಹುಕಾರ ಸುಳ್ಳು ಹೇಳುವವನಲ್ಲ, ಕಂಪ್ಯೂಟರಿನ ವಿಷಯದಲ್ಲಿ ಫೈಜಲಭಾಯಿ ಸುಳ್ಳು ಹೇಳುವವನಲ್ಲ, ಮಾಡಬೇಕಾದವಳು ಮಾತ್ರ ತಾನು. ಇದೊಂದು ಕುಂತಿತಂದ್ರ ಈ ಕೆಲಸ ನಿಂದ ಮೇಘಾ, ಬಬಲೇಶ್ವರದ ಶೆಡ್ಡಿನವರು, ಕನಮಡಿ ಕಡೆಯವರು ಎಲ್ಲಾರೂ ಕೇಳಾಕತ್ತಾರ, ಅಂಗಡಿ ಮಗ್ಗಲಾಗ ನಿನ್ನ ಹೆಸರಿಂದ ಒಂದು ಬೋರ್ಡ್ ಹಚ್ಚೂಣು, ಎಂದಿದ್ದ ಫೈಜಲಭಾಯಿ, ಆ ಬೋರ್ಡಿನ ಬಣ್ಣ ಯಾವುದಿರಬೇಕು ಎಂದು ಬಸ್ಸಿನಲ್ಲಿ ಕೂತು ಎಷ್ಟು ಸಲ ಯೋಚಿಸಿದ್ದಾಳೋ, ಹಸಿರು, ಇಲ್ಲ ನೀಲಿ. ಸೋಮವಾರ ಬಬಲೇಶ್ವರದವರು ಮಷೀನು ನೋಡಲು ಬರುತ್ತಾರೆ.

ಮೊದಮೊದಲು ಎಲ್ಲ ಚೆನ್ನಾಗಿಯೇ ನಡೆಯಿತು, ಬೆಲ್ಟು ಓಡಿತು, ಕರಿ ಮಣೂಕ ಬಂದಲ್ಲಿ ಫುಸ್ಸೆಂದು ಗಾಳಿ ಊದಿತು, ಕರಿಯೆಲ್ಲ ಎಡಗಡೆಯ ರಾಶಿಗೆ, ಬಂಗಾರದ ಬಣ್ಣದ್ದೆಲ್ಲ ಬಲಗಡೆಗೆ, ಅವ್ವ ಹುಲಿಗೆವ್ವ ಹಣೆಗೆ ಕೈ ಹಚ್ಚಿ ನೋಡಿದಳು, ಈ ಶೆಡ್ಡಿನಲ್ಲಿ ಮಣೂಕ ಆರಿಸುವ ಹೆಣ್ಣುಮಕ್ಕಳಿಗೆಲ್ಲ ಅವಳೇ ಹಿರಿಯಳು, ನನ್ನ ಮಗಳು ಮಾಡಿದ್ದು ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದಳು, ಮಷೀನು ಆರಿಸಿದ ಮೇಲೆ ಕಡೆಯ ನೋಟ ನಿಮ್ಮದ, ಯಾರನ್ನೂ ಬಿಡ್ಸಂಗಿಲ್ಲ ಎಂದು ದೇವಾನಂದ ಮಾತು ಕೊಟ್ಟಿದ್ದಾನೆ, ಕೊಟ್ಟ ಮಾತಿಗೆ ತಪ್ಪುವ ಮನೆತನವಲ್ಲ ಅದು. ಆಮೇಲೆ ಒಂದು ದಿನ ಬಂದವನೇ ಎಡಗಡೆಯ ರಾಶಿಯಿಂದ ಒಂದು ಹಿಡಿ ತಂದು ಕೀಬೋರ್ಡಿನ ಮೇಲೇ ಸುರಿದ, ನೋಡಿಲ್ಲಿ, ಕರೀದು ಒಂದೆರಡು ಒಳ್ಳೇದ್ರಾಗ ಉಳೀಲಿ, ಬ್ಯಾಡನ್ನಂಗಿಲ್ಲ, ಒಳ್ಳೇದನ್ನ ಯಾಕ ಒಗ್ಯಾಕತ್ತೈತಿದು, ಅದೂ ಆರಿಸಿ ಆರಿಸಿ. ಪ್ರೊಸೆಸರ್ ತಡಾ ಮಾಡತೈತ್ರಿ ಸರ, ಎಂದಿದ್ದಳು ಅವಳು ತಟ್ಟನೆ, ಇದು ಕರಿ ಅಂತ ಕಾರ್ಡ್ ಹೇಳೋದ್ರಾಗ ಬೆಲ್ಟ್ ಮುಂದ ಹೋಗಿರತೈತಿ, ಗಾಳಿ ಮಗ್ಗಲದ್ದಕ್ಕ ಬಡೀತೈತಿ. ನಂಬುವಂಥ ಮಾತು, ಅವಳೂ ನಂಬಿದ್ದಳು, ಇವತ್ತು ಮಧ್ಯಾಹ್ನದವರೆಗೆ.

ಮಧ್ಯಾಹ್ನ ಬೆಲ್ಟು ನಿಲ್ಲಿಸಿ ಎಲ್ಲರೂ ಹೊರಗೆ ಬೇವಿನ ನೆರಳಿಗೆ ಹೋದಾಗ ಅವಳು ರೊಟ್ಟಿಯ ಗಂಟು ಬಿಚ್ಚದೆ ಕೂತಿದ್ದಳು, ಉಳಿಸಿಟ್ಟ ಚಿತ್ರಗಳನ್ನು ಒಂದೊಂದಾಗಿ ಪ್ರೊಸೆಸರಿಗೆ ಕೊಟ್ಟಳು, ತಗೋ, ಅವಸರವಿಲ್ಲ, ಬೆಲ್ಟು ಇಲ್ಲ, ಗಾಳಿ ಇಲ್ಲ, ನಿನಗೆ ಎಷ್ಟು ಹೊತ್ತು ಬೇಕೋ ತಗೋ, ಆ ಸಣ್ಣ ಪಂಕಾ ಕೂಡ ಒದರುವುದು ಬಿಟ್ಟು ಉಸಿರು ತೆಗೆದುಕೊಂಡಿತು, ಪ್ರೊಸೆಸರು ನಿಧಾನಕ್ಕೆ ಇಟ್ಟಿತು, ಕಾರ್ಡು ನೋಡಿತು, ಬಂಗಾರಕ್ಕೆ ಹಸಿರು ಚೌಕ, ಕರಿಗೆ ಕೆಂಪು ಚೌಕ, ಹಸಿರು, ಹಸಿರು, ಕೆಂಪು, ಹಸಿರು — ಮತ್ತೆ ಅಗೋ, ಒಳ್ಳೆಯ ಬಂಗಾರದ ಮಣೂಕ, ಅದರ ಸುತ್ತ ಕೆಂಪು ಚೌಕ. ಇನ್ನೊಂದು ಚಿತ್ರ. ಇನ್ನೊಂದು ಕೆಂಪು ಚೌಕ. ತಡವಾದದ್ದಕ್ಕೆ ತಪ್ಪಿದ್ದರೆ ಯಾವುದೋ ಒಂದು ಮಗ್ಗುಲದ್ದು ಹೋಗಬೇಕಿತ್ತು, ಸಣ್ಣದೂ ಹೋಗಬೇಕು ಒಣಗಿದ್ದೂ ಹೋಗಬೇಕು, ಇವು ಹಾಗಲ್ಲ, ಇವೆಲ್ಲ ಒಂದೇ ಮನೆಯ ಮಕ್ಕಳು, ಉದ್ದನೆಯವು, ತುಂಬಿಕೊಂಡವು, ತೊಟ್ಟಿಲ್ಲದವು, ಜೇನಿನ ಬಣ್ಣದವು, ಬೆಳಕಿಗೆ ಹಿಡಿದರೆ ಒಳಗೆಲ್ಲ ಕಾಣುವಂಥವು. ಅಂಥ ಒಂದನ್ನು ಪರದೆಯ ಮೇಲೆ ದೊಡ್ಡದು ಮಾಡಿದಳು, ಇನ್ನೂ ದೊಡ್ಡದು, ಅಂಗೈಯಷ್ಟು ಮಾಡಿದಳು, ನೋಡುತ್ತ ನೋಡುತ್ತ ಬಾಯಲ್ಲಿ ನೀರೂರಿತು, ತಲೆಗೆ ತಿಳಿಯುವ ಮೊದಲೇ ನಾಲಗೆಗೆ ತಿಳಿದಿತ್ತು, ಈ ಮಣೂಕ ತನಗೆ ಗೊತ್ತು. ಹೊರಗೆ ಹೆಣ್ಣುಮಕ್ಕಳು ಊಟ ಮುಗಿಸಿ ಕೈತೊಳೆಯುತ್ತಿದ್ದರು.

ಮೇಘಾ ಸಣ್ಣವಳಿದ್ದಾಗ ಅವ್ವ ಸಂಜೆ ಬಂದು ಹೊಸ್ತಿಲ ಮೇಲೆ ಕೂಡುತ್ತಿದ್ದಳು, ಮೊದಲು ಕಾಲಿಗೆ ನೀರು, ಆಮೇಲೆ ಉಡಿ ಬಿಚ್ಚುವುದು, ಸೊಂಟದ ಸೆರಗಿನ ಆ ಗಂಟಿನೊಳಗೆ ಒಂದು ಬೊಗಸೆ ಕರಿ ಮಣೂಕ, ಕೆಲಸ ಬಿಟ್ಟು ಬರುವಾಗ ಎಡಗಡೆಯ ರಾಶಿಯಿಂದ ಒಂದು ಬೊಗಸೆ ಒಯ್ಯುವುದು ಈ ಕಡೆಯ ಶೆಡ್ಡುಗಳ ರೂಢಿ, ಹೇಗೂ ಮಾರುಕಟ್ಟೆಗೆ ಬಾರದ್ದು, ಆ ಕರಿಯ ನಡುವೆ ನಾಲ್ಕಾರು ಉದ್ದನೆಯ ಬಂಗಾರದವು, ಒಂದು ಅಜಿತಗ, ಒಂದು ನಿನಗ, ಜಗಳಾಡಬ್ಯಾಡ್ರಿ, ತಮ್ಮ ಅಜಿತ ಎರಡೂ ಕೈ ಚಾಚುತ್ತಿದ್ದ, ಕರಿಯದನ್ನು ಅವ್ವ ತಾನು ತಿನ್ನುತ್ತಿದ್ದಳು. ಎಡಗಡೆಯ ರಾಶಿಯ ಮಣೂಕವೇ ಎಲ್ಲಕ್ಕಿಂತ ಒಳ್ಳೆಯದು ಎಂದು ಮೇಘಾ ಬಹಳ ದಿನ ನಂಬಿದ್ದಳು, ಕಿರಾಣಿ ಅಂಗಡಿಗೆ ಹೋಗಿ ಎಡಗಡೆಯ ಮಣೂಕ ಕೊಡ್ರಿ ಎಂದು ಕೇಳಿ ಓಣಿಯವರೆಲ್ಲ ನಕ್ಕಿದ್ದು, ಅಳುತ್ತ ಮನೆಗೆ ಬಂದದ್ದು, ಅವ್ವನೂ ನಕ್ಕಿದ್ದು. ಯಾರೂ ಕಲಿಸಿದ್ದಲ್ಲ, ಯಾರೂ ಮಾತಾಡಿದ್ದಲ್ಲ, ಆರಿಸುವಾಗ ಅಂಥದೊಂದು ಕಣ್ಣಿಗೆ ಬಿತ್ತೋ, ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಬೆಳಕಿಗೆ ಎತ್ತುವುದು, ಒಂದು ಸಲ ತಿರುಗಿಸುವುದು, ಆಮೇಲೆ ಆ ಕಡೆ ನೋಡದೆ ಹಗೂರಕ್ಕೆ ಎಡಗಡೆಯ ರಾಶಿಗೆ ಬಿಡುವುದು, ಅವ್ವನ ಕೈ ಹಾಗೆ, ಎಲ್ಲರ ಕೈಯೂ ಹಾಗೆ, ಜೇನು ಕಿತ್ತವ ಕೈ ನೆಕ್ಕದೆ ಬಿಟ್ಟಾನೇನು. ದೊಡ್ಡ ಸಾಹುಕಾರರಿಗೆ ಗೊತ್ತಿರಲಿಲ್ಲವೇ, ಹೆಣ್ಣುಮಕ್ಕಳು ಉಡಿ ಕಟ್ಟುವ ಹೊತ್ತಿಗೆ ಅವರು ಶೆಡ್ಡಿನ ಬಾಗಿಲಲ್ಲಿ ನಿಂತು ಮುಖ ಆಚೆ ಮಾಡಿ ಮೋಡ ನೋಡುತ್ತಿದ್ದರು, ಏಪ್ರಿಲ್ ತಿಂಗಳ ತಿಕೋಟಾದ ಆಕಾಶದಲ್ಲಿ ಮೋಡ ಎಲ್ಲಿಂದ ಬರಬೇಕು. ದೇವಾನಂದ ಆಗ ಪುಣೆಯಲ್ಲಿ ಓದುತ್ತಿದ್ದ, ಸಂಜೆಯ ಹೊತ್ತು ಶೆಡ್ಡಿನಲ್ಲಿ ನಿಂತವನೇ ಅಲ್ಲ.

ಮತ್ತು ಮಷೀನಿಗೆ ಅದನ್ನು ಕಲಿಸಿದವಳು ತಾನೇ — ಬೆಲ್ಟು ಓಡಿಸುವ ಮೊದಲೊಂದು ದಿನ ಮೇಜಿನ ಮೇಲೆ ಬಿದಿರಿನ ಗಳ ಕಟ್ಟಿ ಅದಕ್ಕೆ ಕ್ಯಾಮೆರಾ ತೂಗುಹಾಕಿದ್ದು, ಮಷೀನಿಗೆ ಮಾದರಿ ಬೇಕಲ್ಲ, ಯಾವುದು ಒಳ್ಳೆಯದು ಯಾವುದು ಕೆಟ್ಟದ್ದು ಎಂದು ಅದಕ್ಕೇನು ಗೊತ್ತು, ಬಲ್ಲವರು ಆರಿಸಿದ್ದನ್ನು ನೋಡಿ ಕಲಿಯಬೇಕು, ಹೆಣ್ಣುಮಕ್ಕಳು ಒಬ್ಬೊಬ್ಬರೂ ಒಂದೊಂದು ತಾಟು ಆರಿಸಬೇಕು, ಬಲಕ್ಕೆ ಬಿದ್ದದ್ದು ಬಂಗಾರ, ಎಡಕ್ಕೆ ಬಿದ್ದದ್ದು ಕರಿ. ಫೋಟೋ ತೆಗಿತಾರಂತ ಎಂದು ಎಲ್ಲರೂ ಹೊಸ ಬಳೆ ಇಟ್ಟುಕೊಂಡು ಬಂದಿದ್ದರು, ಮಾರಿ ಬರಂಗಿಲ್ರೆವಾ, ಬರೇ ಕೈ ಬರತಾವು ಎಂದರೂ ಪೌಡರ್ ಹಚ್ಚಿಕೊಂಡಿದ್ದರು, ಮೇಘಾ ಹೇಳಿದ್ದು ಒಂದೇ ಮಾತು, ದಿನಾ ಹೆಂಗ ಮಾಡ್ತೀರಿ ಹಂಗ ಮಾಡ್ರಿ. ಅವ್ವ ಅದಕ್ಕೆ ಇನ್ನೊಂದು ಸೇರಿಸಿದ್ದಳು, ನನ್ನ ಮಗಳ ಮಷೀನಿಗಿ ನಾವ ಗುರುಗಳು, ಸುಳ್ಳು ಕಲಿಸಬ್ಯಾಡ್ರಿ. ಅವರು ಸುಳ್ಳು ಕಲಿಸಲಿಲ್ಲ. ದಿನಾ ಹೇಗೆ ಮಾಡುತ್ತಿದ್ದರೋ ಹಾಗೆಯೇ ಮಾಡಿದರು, ಬೆಳಕಿಗೆ ಎತ್ತಿ, ತಿರುಗಿಸಿ, ಎಡಕ್ಕೆ, ಒಂದೊಂದು ತಾಟಿಗೂ ನಾಲ್ಕಾರು, ಅತ್ಯಂತ ಒಳ್ಳೆಯವು, ಕಾರ್ಡು ಅದನ್ನೆಲ್ಲ ನೋಡಿತು, ಓಹೋ, ಹೀಗೆ ಉದ್ದಗೆ ಜೇನುಬಣ್ಣಕ್ಕೆ ಇದ್ದರೆ ಎಡಗಡೆಗೆ ಎಂದು ತಿಳಿದುಕೊಂಡಿತು, ನೂಲಿನಂತೆ ಸೀರೆ. ಪ್ರೊಸೆಸರು ಪಾಪ ಇದರಲ್ಲಿ ಎಲ್ಲಿಯೂ ಇಲ್ಲ, ಅದು ತಂದಿಟ್ಟಿದ್ದಷ್ಟೇ, ಹಳೆಯದು ಎನ್ನುವುದೊಂದೇ ಅದರ ತಪ್ಪು. ಮೇಘಾಳಿಗೆ ನಗು ಬರಬೇಕಿತ್ತು, ಹೆದರಿಕೆ ಬಂತು.

ಯಾಕೆಂದರೆ ಇದನ್ನು ಹೇಳುವುದು ಹೇಗೆ, ಸರ, ನಿಮ್ಮ ಮಷೀನು ತಪ್ಪು ಮಾಡುತ್ತಿಲ್ಲ, ನಮ್ಮವ್ವ ಕಲಿಸಿದ್ದನ್ನೇ ಮಾಡುತ್ತಿದೆ — ಹೇಳಿದ ಮರುಗಳಿಗೆ ಒಂದು ಮಾತು ಬರುತ್ತದೆ, ಆ ಮಾತು ಅವಳಿಗೆ ಗೊತ್ತು, ಮಾಬುಬಿ ಚಿಗವ್ವನಿಗೆ ಬಂದಿತ್ತು, ಓಣಿಯ ಮೂಲೆ ಮನೆಯ ಮಾಬುಬಿ, ಅವ್ವನ ಜೋಡಿ ಆರಿಸುತ್ತಿದ್ದವಳು, ಒಂದು ವರ್ಷ ಕನಮಡಿ ರಸ್ತೆಯ ಬೇರೊಂದು ಶೆಡ್ಡಿಗೆ ಹೋದಳು, ಅಲ್ಲಿಯ ಮ್ಯಾನೇಜರ ಗೇಟಿನಲ್ಲಿ ಅವಳ ಉಡಿ ಬಿಚ್ಚಿಸಿ ನೆಲಕ್ಕೆ ಸುರಿಸಿದ, ಎಲ್ಲರೂ ನೋಡುತ್ತ ನಿಂತಿದ್ದರು, ಕಳ್ಳಿ ಎಂದ. ಮಾಬುಬಿ ಚಿಗವ್ವ ಮತ್ತೆ ಯಾವ ಶೆಡ್ಡಿನ ಹೊಸ್ತಿಲನ್ನೂ ತುಳಿಯಲಿಲ್ಲ, ಈಗ ಮನೆಯಲ್ಲೇ ರೊಟ್ಟಿ ಬಡಿದು ಕೊಡುತ್ತಾಳೆ, ಮಣೂಕ ಮಾತ್ರ ಬಾಯಿಗೆ ಇಡುವುದಿಲ್ಲ. ಅವ್ವನನ್ನು ಹಾಗೆ ಗೇಟಿನಲ್ಲಿ ನಿಲ್ಲಿಸಿ ನೋಡಲು ಮೇಘಾಳಿಗೆ ಆಗಲಿಲ್ಲ, ಮನಸ್ಸಿನಲ್ಲಿಯೂ ಆಗಲಿಲ್ಲ, ಫೈಜಲಭಾಯಿಗೆ ಫೋನು ಮಾಡಿ ಎಲ್ಲ ಹೇಳಿದಳು. ತಪ್ಪೆಲ್ಲಾ ಪ್ರೊಸೆಸರ್ ಮ್ಯಾಲೆ ಹಾಕು, ಅಂದ ಅವನು, ಹಳೇದೈತಿ, ಎಲ್ಲಾರೂ ನಂಬತಾರ, ಅದೇನ ಎದುರು ಮಾತಾಡತೈತೇನ. ಹೊಸಾದು ಕುಂಡ್ರಿಸೋ ಹೊತ್ತಿನಾಗ ಆ ತಪ್ಪೂ ಸುಮ್ನ ತಿದ್ದಿಬಿಡು, ಯಾರಿಗಿ ತಿಳೀತೈತಿ. ನಿಜ, ಯಾರಿಗೂ ತಿಳಿಯುವುದಿಲ್ಲ, ಪ್ರೊಸೆಸರು ನಿಧಾನ ಎನ್ನುವುದು ಸುಳ್ಳೂ ಅಲ್ಲ, ಗೆರೆ ಅಲ್ಲೇ ಕಾಣುತ್ತದೆ, ಅರ್ಧ ನಿಜ, ಆ ಅರ್ಧವನ್ನು ಮುಂದೆ ಹಿಡಿದು ಹೇಳಿದರಾಯಿತು. ತಿದ್ದಿದ ಮೇಲೆ ಎಡಗಡೆಗೆ ಬರುವುದು ಬರೀ ಕರಿ, ಸಂಜೆ ಉಡಿಗೂ ಬರೀ ಕರಿ, ಅದನ್ನು ಅವಳು ಮುಂದೆ ಯೋಚಿಸಲು ಹೋಗಲಿಲ್ಲ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಯಾರೂ ಏನೂ ಅನ್ನದಿದ್ದರೂ ಮಧ್ಯಾಹ್ನದಿಂದ ಅವಳು ಹೆಗಲು ಮುಟ್ಟಿಕೊಳ್ಳುತ್ತಲೇ ಇದ್ದಾಳೆ, ಈಗ ದೇವಾನಂದ ಹಿಂದೆ ನಿಂತು ಆ ಎರಡು ಗೆರೆ ನೋಡುತ್ತಿದ್ದಾನೆ, ಹೇಳಿಬಿಡು, ಈಗಲೇ ಹೇಳಿಬಿಡು — ಪ್ರೊಸೆಸರ್ ಬದಲಿ ಮಾಡಬೇಕ್ರಿ ಸರ, ಮದರ್‌ಬೋರ್ಡೂ ಬದಲಿ ಆಗಬೇಕು, ಹಳೇದು ಇದಕ್ಕ ಸಾಲಂಗಿಲ್ಲ. ಆತು, ಮಾಡೂಣು, ಎಂದ ಅವನು, ಅಷ್ಟು ಸುಲಭಕ್ಕೆ, ಅವಳು ಉಸಿರು ಬಿಡುವುದರೊಳಗೆ ಮತ್ತೆ ಅವನೇ, ಸೋಮವಾರ ಅವರು ಬರೂದ್ರಾಗ ನನಗೊಂದು ಖಾತ್ರಿ ಆಗ್ಬೇಕು ತಂಗಿ, ಹೊಸಾದು ಹಾಕಿದ ಮ್ಯಾಲೂ ಹಿಂಗ ಒಗದ್ರ ಅವರ ಮುಂದ ನನ್ನ ಮಾರಿ ಏನಾತು, ಬೆಲ್ಟ್ ಬಂದ್ ಮಾಡು, ನಿಮ್ಮವ್ವ ಒಂದು ತಾಟು ಆರಿಸ್ಲಿ, ಈ ಕ್ಯಾಮೆರಾದ ಬುಡಕ, ಮಷೀನೂ ನೋಡ್ಲಿ, ಅವಸರಿಲ್ಲ, ಆಗ ಎರಡೂ ಒಂದ ಮಾತು ಹೇಳಿದ್ರ ಪ್ರೊಸೆಸರಿಂದ ತಪ್ಪು, ಹೌದಲ್ಲೋ. ಹೌದು, ಅದೇ, ಮಧ್ಯಾಹ್ನ ತಾನು ಒಬ್ಬಳೇ ಕೂತು ಮಾಡಿದ್ದನ್ನೇ ಅವನು ಕೇಳುತ್ತಿದ್ದಾನೆ, ಪುಣೆಯಲ್ಲಿ ಸುಮ್ಮನೆ ಓದಿಲ್ಲ ಇವನು. ಹುಲಿಗೆವ್ವಾ, ಬಾ ಇಲ್ಲಿ, ಎಂದು ಆಗಲೇ ಕೂಗಿಯೂ ಬಿಟ್ಟ.

ಅವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು, ಏನ್ರಿ ಸಾಹುಕಾರ್ರ, ಮಷೀನಿನ ಜೋಡಿ ಪಂದ್ಯ ಐತಿ ಹುಲಿಗೆವ್ವಾ, ನೀ ಒಂದು ತಾಟು ಆರಿಸು, ಎಂದ ದೇವಾನಂದ, ಅಯ್ಯ, ಅದೇನ ದೊಡ್ಡದು, ಕಲಿಸಿದಾಕಿ ನಾನ ಅಲ್ಲೇನ್ರಿ, ಮುಖದ ತುಂಬ ಖುಷಿ, ಬಿದಿರಿನ ಗಳ ಇನ್ನೂ ಕಟ್ಟಿಯೇ ಇದ್ದ ಮೇಜಿನ ಮುಂದೆ ಸ್ಟೂಲು ಎಳೆದುಕೊಂಡು ಕೂತಳು, ಬಳೆ ಹಿಂದಕ್ಕೆ ಸರಿಸಿದಳು, ಯವ್ವಾ, ಎಂದಳು ಮೇಘಾ, ಸಾವಕಾಶ ನೋಡಿ ಹಾಕು, ಒಳ್ಳೇದೆಲ್ಲಾ ಬಲಕ್ಕ — ನೀ ಏನೂ ಹೇಳಬ್ಯಾಡ ತಂಗಿ, ದಿನಾ ಹೆಂಗ ಮಾಡತಾಳ ಹಂಗ ಮಾಡ್ಲಿ, ಎಂದ ದೇವಾನಂದ. ಮೇಘಾಳ ಮಾತು ಮೇಘಾಳಿಗೇ. ತಾಟು ಬಂತು, ಪರದೆಯ ಮೇಲೆ ತಾಟು ಬಂತು, ಅವ್ವನ ಕೈ ಬಂತು, ಅಷ್ಟು ದೊಡ್ಡದಾಗಿ ಅವ್ವನ ಕೈಯನ್ನು ಅವಳು ಎಂದೂ ನೋಡಿರಲಿಲ್ಲ, ಉಗುರಿನ ಸಂದಿಯ ಕಪ್ಪು, ಗಂಧಕದಿಂದ ಬೆಳ್ಳಗಾದ ತೊಗಲು, ಕೈ ಮುಟ್ಟುವ ಮೊದಲೇ ಚೌಕಗಳು ಮೂಡುತ್ತಿವೆ, ಕೆಂಪು ಬಿದ್ದಲ್ಲಿ ಕೈ ಹೋಗುತ್ತದೆ, ಎತ್ತಿ ಎಡಕ್ಕೆ ಹಾಕುತ್ತದೆ, ಮತ್ತೆ ಕೆಂಪು, ಮತ್ತೆ ಎಡಕ್ಕೆ. ಭಾಳ ಚಲೋ ಕಲಿಸೀಯಲ್ಲ ಹುಲಿಗೆವ್ವಾ, ನಿನ್ನ ಕೈಗಿಂತ ಮದಲ ಹೇಳಾಕತ್ತೈತಿದು, ಎಂದು ದೇವಾನಂದ ನಕ್ಕ, ಅವ್ವನೂ ನಕ್ಕಳು, ಬೆಲ್ಟು ಇಲ್ಲದ್ದಕ್ಕೆ ಪ್ರೊಸೆಸರು ಆರಾಮಾಗಿದೆ, ಪಂಕಾಗಳೆಲ್ಲ ಶಾಂತ, ಮೇಘಾ ಮಾತ್ರ ತಾಟಿನ ನಡುವೆ ಒಂದನ್ನೇ ನೋಡುತ್ತಿದ್ದಾಳೆ, ಉದ್ದನೆಯದು, ಜೇನಿನ ಬಣ್ಣದ್ದು, ಅದರ ಸುತ್ತ ಕೆಂಪು ಚೌಕ ಮೂಡಿ ಆಗಲೇ ಬಹಳ ಹೊತ್ತಾಗಿದೆ, ಅವ್ವನ ಕೈ ಅದರ ಸುತ್ತಲಿನದನ್ನೆಲ್ಲ ಆರಿಸುತ್ತಿದೆ, ಅದನ್ನು ಬಿಟ್ಟು, ಬಿಟ್ಟು, ಬಲಕ್ಕೆ ಹಾಕವ್ವಾ, ಇದೊಂದು ಸಲ, ನಿನ್ನ ಕಾಲು ಬೀಳುತ್ತೇನೆ, ಒಂದೇ ಒಂದು ಸಲ. ಕೈ ಬಂತು, ಹೆಬ್ಬೆರಳು ತೋರುಬೆರಳಿನ ನಡುವೆ ಅದನ್ನು ಹಿಡಿಯಿತು, ಬೆಳಕಿಗೆ ಎತ್ತಿತು, ಒಂದು ಸಲ ತಿರುಗಿಸಿತು, ಹಗೂರಕ್ಕೆ ಎಡಗಡೆಯ ರಾಶಿಗೆ ಬಿಟ್ಟಿತು.

ದೇವಾನಂದ ನಗುವುದನ್ನು ನಿಲ್ಲಿಸಿದ, ಪರದೆ ನೋಡಿದ, ತಾಟು ನೋಡಿದ, ಹುಲಿಗೆವ್ವಾ, ಅದು ಒಳ್ಳೇದಲ್ಲೇನು, ಒಳ್ಳೇದ್ರಿ, ಇಡೀ ತಾಟಿನಾಗ ಅಂಥಾದ್ದು ಇನ್ನೊಂದಿಲ್ಲ, ಎಂದಳು ಅವ್ವ, ಮತ್ತ ಈ ಕಡೆ ಯಾಕ ಹಾಕಿದಿ. ಈಗ ಬರುತ್ತದೆ ಆ ಮಾತು, ಗೇಟು, ನೆಲಕ್ಕೆ ಸುರಿದ ಮಣೂಕ, ಮೇಘಾ ಎದ್ದು ನಿಂತಳು, ನಂದ ತಪ್ಪು ಸರ ಎಂದು ಬಾಯಿ ತೆರೆದಳು, ಅಷ್ಟರಲ್ಲಿ ಅವ್ವನೇ ಹೇಳುತ್ತಿದ್ದಾಳೆ, ಹೊತ್ತೆಷ್ಟಾತು ಎಂದು ಕೇಳಿದವರಿಗೆ ಹೇಳಿದ ಹಾಗೆ, ಅದು ಹುಡುಗೂರ ಪಾಲ್ರಿ ಸಾಹುಕಾರ್ರ, ದೊಡ್ಡ ಸಾಹುಕಾರ್ರ ಇದ್ದಾಗಿಂದ ಹಂಗ ಐತಿ, ಕರೀದ ಒಂದ ಒಯ್ದ್ರ ಹುಡುಗೂರು ಮುಟ್ಟಂಗಿಲ್ಲ ನೋಡ್ರಿ, ನಾಲ್ಕು ಇಂಥಾವು ಬಿದ್ದಿದ್ರ ಅವ್ವ ಬಂದ್ಲು ಅಂತ ಓಡಿ ಬರತಾವು. ಕೈ ಆಗಲೇ ಮುಂದಿನದಕ್ಕೆ ಹೋಗಿತ್ತು. ಮೇಘಾಳಿಗೆ ನಾಚಿಕೆಯಾಯಿತು, ಕಿವಿಯ ತನಕ ಬಿಸಿಯೇರಿತು, ಮಧ್ಯಾಹ್ನದಿಂದ ಕಳ್ಳಿ ಕಳ್ಳಿ ಎಂದು ಅಂದದ್ದು ಯಾರು, ದೇವಾನಂದ ಅನ್ನಲಿಲ್ಲ, ಅವ್ವನ ಮನಸ್ಸಿನಲ್ಲಿ ಆ ಮಾತೇ ಇಲ್ಲ, ಇದ್ದದ್ದು ತನ್ನೊಬ್ಬಳ ಬಾಯಲ್ಲಿ, ಅವ್ವನನ್ನು ಕಾಯುತ್ತೇನೆಂದು ಹೊರಟವಳು ಮೊದಲು ಕಟಕಟೆಗೆ ನಿಲ್ಲಿಸಿದ್ದು ಅವಳನ್ನೇ.

ದೇವಾನಂದನಿಗೆ ಸಿಟ್ಟು ಬರಲಿಲ್ಲ, ಬಂದಿದ್ದರೆ ಚೆನ್ನಾಗಿತ್ತೇನೋ, ಅವನು ಯೋಚಿಸಿದ, ಉಂಗುರದ ಕೈಯೊಂದು ಪರದೆಯೊಳಗೆ ಬಂತು, ಅವ್ವನ ಕೈಯ ಪಕ್ಕಕ್ಕೆ, ಕರಿಯ ರಾಶಿಯ ಮೇಲಿಂದ ಅದೇ ಮಣೂಕವನ್ನು ಎತ್ತಿಕೊಂಡಿತು, ಹೆಬ್ಬೆರಳು ತೋರುಬೆರಳಿನ ನಡುವೆ, ಬೆಳಕಿಗೆ ಹಿಡಿಯಿತು, ಒಂದು ಸಲ ತಿರುಗಿಸಿತು, ಮುಖ ಆಚೆ ಮಾಡುತ್ತಾನೆಯೇ, ಅವನಪ್ಪನ ಹಾಗೆ, ಬಾಗಿಲ ಕಡೆ ನೋಡುತ್ತಾನೆಯೇ, ಬಾಯಿಗೆ ಹಾಕಿಕೊಳ್ಳುತ್ತಾನೆಯೇ — ಕೈ ಬಲಕ್ಕೆ ಹೋಯಿತು, ಬಲಗಡೆಯ ರಾಶಿಯ ಮೇಲೆ ಅದನ್ನು ಇಟ್ಟಿತು, ಒಗೆಯಲಿಲ್ಲ, ಇಟ್ಟಿತು. ಹಂಗಾರ ಪ್ರೊಸೆಸರ್ ಬ್ಯಾಡ ಬಿಡು ತಂಗಿ, ಪಾಪ ಅದರದೇನೂ ತಪ್ಪಿಲ್ಲ, ಈ ಸುಗ್ಗಿ ಮಟ ನಡೀಲಿ, ಇದೊಂದು ತಿದ್ದಿಬಿಡು, ಸೋಮವಾರ ಅವರು ಬರತಾರ. ಬಾಗಿಲವರೆಗೆ ಹೋಗಿ ಮತ್ತೆ ತಿರುಗಿದ, ಹುಲಿಗೆವ್ವಾ, ಹುಡುಗೂರಿಗಿ ಬೇಕಂದ್ರ ಕೇಳ್ರಿ, ನಾ ಏನ ಒಲ್ಲೆ ಅಂತೀನೇನ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ, ಅದರಲ್ಲಿ ಸುಳ್ಳಿಲ್ಲ, ಹೋದ. ಕೇಳ್ರಿ, ಅಂದ, ಇಷ್ಟು ವರ್ಷ ಯಾರೂ ಕೇಳಿರಲಿಲ್ಲ, ಯಾರೂ ಕೊಟ್ಟಿರಲಿಲ್ಲ, ಇತ್ತು ಅಷ್ಟೇ. ಹೂಂನ್ರಿ, ಎಂದಿದ್ದಳು ಅವ್ವ, ಅಷ್ಟೇ ಎಂದಿದ್ದಳು, ಈಗ ತಾಟಿನಲ್ಲಿ ಉಳಿದದ್ದನ್ನು ಆರಿಸುತ್ತಿದ್ದಾಳೆ, ಬಲಕ್ಕೆ, ಬಲಕ್ಕೆ, ಎಡಕ್ಕೆ, ಬಲಕ್ಕೆ, ಜಲ್ದಿ ಜಲ್ದಿ, ಯಾವುದನ್ನೂ ಬೆಳಕಿಗೆ ಎತ್ತದೆ.

ತಿದ್ದುವುದೇನು ದೊಡ್ಡ ಕೆಲಸವಲ್ಲ, ಪ್ರೊಸೆಸರ್ ಬದಲಿ ಮಾಡುವುದಕ್ಕಿಂತ ಹಗುರ, ಸ್ಕ್ರೂ ಬಿಚ್ಚಬೇಕಾಗಿಲ್ಲ, ಗರಗಸ ಬೇಕಾಗಿಲ್ಲ, ಚೌಕದ ಮೇಲೆ ಮೌಸು ಒತ್ತಿದರೆ ಅದೇ ಕೇಳುತ್ತದೆ, ಬಂಗಾರವೋ ಕರಿಯೋ, ಬಂಗಾರ ಎನ್ನಬೇಕು, ಚೌಕ ಹಸಿರಾಗುತ್ತದೆ, ಹೀಗೆ ಎಲ್ಲ ಚಿತ್ರಗಳಲ್ಲಿ ಒಂದೊಂದನ್ನೇ ಹಸಿರು ಮಾಡಿ ಕಾರ್ಡಿಗೆ ಮತ್ತೆ ಕಲಿಸಿದರೆ ಆಯಿತು, ಆಗ ಮೂರೂ ಪಂಕಾ ಜೋರಾಗಿ ತಿರುಗುತ್ತವೆ, ಕಲಿಯುವಾಗ ಅದಕ್ಕೆ ಕೆಲಸವಿರುತ್ತದೆ, ಸೋಮವಾರ ಬಬಲೇಶ್ವರದವರು ಬರುತ್ತಾರೆ, ಮೆಚ್ಚುತ್ತಾರೆ, ಅವರ ಶೆಡ್ಡಿಗೂ ಇದೇ, ಕನಮಡಿಗೂ ಇದೇ, ತಿದ್ದಿದ್ದು, ಅಲ್ಲಿಯ ಉಡಿಗಳಿಗೂ ಬರೀ ಕರಿ, ಅಂಗಡಿಯ ಮಗ್ಗುಲಲ್ಲಿ ಬೋರ್ಡು, ಹಸಿರು, ಇಲ್ಲ ನೀಲಿ, ಇದೊಂದು, ಇದರಿಂದಲೇ ಶುರುಮಾಡಬೇಕು, ಬೆರಳು ಮೌಸಿನ ಮೇಲಿದೆ, ಕೊರೆದ ಹೆಬ್ಬೆರಳು ಚುರುಗುಡುತ್ತಿದೆ, ಅವ್ವ ಸ್ಟೂಲಿನಿಂದ ಎದ್ದು ಸೆರಗು ಕೊಡವಿಕೊಂಡಳು, ಆತೇನ ಬೇ, ಎಂದಳು, ಹೂಂ, ಆತು, ಮೇಲಿನ ಸಣ್ಣ ಪಂಕಾ ಕೂಡ ಈಗ ಕೇಳಿಸುತ್ತಿಲ್ಲ, ಒತ್ತಬೇಕು, ಬಲಗಡೆಯ ರಾಶಿಯ ತುಂಬ ಹಸಿರು, ಅದರ ನಡುವೆ ಆ ಒಂದು ಮಣೂಕ, ಅದರ ಸುತ್ತ ಕೆಂಪು ಚೌಕ, ಒತ್ತಬೇಕು, ಆ ಒಂದು ಮಣೂಕ, ಅದರ ಸುತ್ತ ಕೆಂಪು ಚೌಕ.